ಕೊಳಾಯಿಯ ಸಂದು ಸೋರಿದಾಗ

ಕೊಳಾಯಿಯ ಸಂದಿನಲ್ಲಿ ನೀರು ಜಿನುಗಿದರೆ ನಾವು ಅದನ್ನು ಪೋಲೆಂದು ಮಾತ್ರ ಎಣಿಸುತ್ತೇವೆ. ಗೋಡೆ ನೆಂದಿತು, ಹಿತ್ತಲಲ್ಲಿ ಪಾಚಿ ಕಟ್ಟಿತು, ಇಷ್ಟೇ ನಮ್ಮ ದೂರು. ನೆಲದೊಳಗೆ ಹೂತ ಸಂದು ಸೋರುವುದು ಇದಕ್ಕಿಂತ ದೊಡ್ಡ ಕೇಡು. ಅದು ನೀರನ್ನು ಹೊರಗೆ ಬಿಡುವುದಲ್ಲದೆ, ಸಮಯ ಬಂದಾಗ ಹೊರಗಿನ ಕೊಳೆಯನ್ನು ಒಳಕ್ಕೂ ಎಳೆದುಕೊಳ್ಳುತ್ತದೆ.

ಅದು ಹೇಗೆಂದು ತಿಳಿಯಲು ದಾವಣಗೆರೆಯ ನೀರಿನ ದಾರಿಯನ್ನೇ ನೋಡಬಹುದು. ಈ ಊರಿಗೆ ಹರಿಹರದ ಬಳಿಯ ತುಂಗಭದ್ರೆಯ ನೀರೂ ಬರುತ್ತದೆ, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯ ನೀರೂ ಬರುತ್ತದೆ. ಹೀಗೆ ಬಂದ ನೀರನ್ನು ಶುದ್ಧಮಾಡಿ, ಕ್ಲೋರಿನ್ ಬೆರೆಸಿ, ಬೀದಿಯ ಕೊಳವೆಗೆ ಬಿಡುತ್ತಾರೆ. ಆದರೆ ಹಗಲಿರುಳೂ ನೀರು ಹರಿಯುವ ಭಾಗ್ಯ ನಮ್ಮ ನಾಡಿನ ಬಹುಪಾಲು ಊರುಗಳಿಗೆ ಒದಗಿಲ್ಲ. ಕೆಲವು ಗಂಟೆ ಬಿಟ್ಟು ನಿಲ್ಲಿಸುವುದೇ ರೂಢಿ. ನೀರು ಹರಿಯುವಾಗ ಒಳಗಿನ ಒತ್ತಡ ಹೆಚ್ಚು, ಸಂದಿನಿಂದ ನೀರು ಹೊರಚಿಮ್ಮುತ್ತದೆ. ನಿಂತ ಮೇಲೆ ತಗ್ಗಿನ ಮನೆಯವರು ಉಳಿದ ನೀರನ್ನು ಹಿಡಿದುಕೊಳ್ಳುತ್ತಾರೆ, ಕೊಳವೆ ಬರಿದಾಗುತ್ತದೆ. ಬರಿದಾದ ಕೊಳವೆ ಸುತ್ತಲ ಕೆಸರನ್ನು ಹೀರುತ್ತದೆ. ಪಕ್ಕದಲ್ಲೇ ಚರಂಡಿಯಿದ್ದರಂತೂ ಕೇಳಬೇಡಿ. ಮರುದಿನ ಮೊದಲ ಕೊಡದಲ್ಲಿ ಬರುವ ಕದಡಿದ ನೀರು ಇದೇ. ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರಗಳಿಗೆ ಇಷ್ಟು ಸಂದು ಸಾಕು.

ಇನ್ನು ಸೀಸದ ಮಾತು. ಅಮರಕೋಶದಲ್ಲಿ ಸೀಸಕ್ಕೆ ‘ನಾಗ’ ಎಂಬ ಹೆಸರೂ ಉಂಟು; ಹಾವಿಗೂ ಅದೇ ಹೆಸರು. ಪಾಠ ಹೇಳುವಾಗ ಇದೊಂದು ಸೊಗಸಾದ ಶ್ಲೇಷೆಯೆನಿಸುತ್ತದೆ, ಕುಡಿಯುವ ನೀರಿನಲ್ಲಿ ಅಲ್ಲ. ಇಂಗ್ಲಿಷಿನ ‘ಪ್ಲಂಬರ್’ ಎಂಬ ಮಾತೂ ಲ್ಯಾಟಿನ್ನಿನ ‘ಪ್ಲಂಬಂ’, ಎಂದರೆ ಸೀಸ, ಎಂಬುದರಿಂದಲೇ ಹುಟ್ಟಿದ್ದು. ರೋಮನರು ಸೀಸದ ಕೊಳವೆಗಳಲ್ಲಿ ನೀರು ಹರಿಸಿದರು. ಆದರೂ ಕ್ರಿಸ್ತಪೂರ್ವ ಮೊದಲ ಶತಮಾನದ ಅವರದೇ ವಾಸ್ತುಶಿಲ್ಪಿ ವಿಟ್ರೂವಿಯಸ್, ಮಣ್ಣಿನ ಕೊಳವೆಯ ನೀರೇ ಆರೋಗ್ಯಕ್ಕೆ ಮೇಲೆಂದು ಬರೆದನು. ಸೀಸದ ಕೆಲಸಗಾರರ ಬಿಳಿಚಿದ ಮುಖವನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸಿದನು. ನಮ್ಮ ವಿಜಾಪುರದಲ್ಲಿ ೧೬೫೧ರ ಬೇಗಂ ತಲಾಬಿನಿಂದ ಊರಿಗೆ ನೀರು ಬಂದದ್ದು ಮಣ್ಣಿನ ಕೊಳವೆಗಳಲ್ಲಿಯೇ.

ಪೂರಾ ಸೀಸದ ಕೊಳಾಯಿ ನಮ್ಮ ಕಡೆಯ ಮನೆಗಳಲ್ಲಿ ಅಪರೂಪ. ಹಳೆಯ ಮನೆಗಳಲ್ಲಿ ಸೀಸ ಅವಿತಿರುವುದು ಸಂದುಗಳಲ್ಲಿ. ಎರಕದ ಕಬ್ಬಿಣದ ದಪ್ಪ ಕೊಳವೆಗಳ ಬಾಯೊಳಗೆ ಸಣಬು ತುರುಕಿ, ಮೇಲೆ ಕರಗಿದ ಸೀಸ ಹೊಯ್ದು ಬಡಿಯುತ್ತಿದ್ದರು. ಸಣ್ಣ ಕಬ್ಬಿಣದ ಕೊಳಾಯಿಯ ಮರೆಗೆ (ತಿರುಪಿನ ಗೆರೆಗೆ) ಸಣಬು ಸುತ್ತಿ ಸಫೇದ ಮೆತ್ತುತ್ತಿದ್ದರು. ಹಳೆಯ ಸಫೇದವೆಂದರೆ ಸೀಸದ ಬಿಳಿ ಪುಡಿಯೇ. ಪೂರಾ ಸೀಸದ ತುಂಡು ಕಂಡೀತೆಂಬ ಅನುಮಾನವಿದ್ದರೆ ಚಾಕುವಿನಿಂದ ಮೆಲ್ಲನೆ ಗೀರಿ ನೋಡಿ. ಮಾಸಲು ಬೂದುಬಣ್ಣದ ಕೆಳಗೆ ಬೆಳ್ಳಿಯಂತೆ ಹೊಳೆದರೆ, ಅಯಸ್ಕಾಂತ ಅಂಟದಿದ್ದರೆ, ತಟ್ಟಿದಾಗ ದನಿ ಮಂದವಾಗಿದ್ದರೆ ಅದು ಸೀಸ. ಅದನ್ನು ರಿಪೇರಿ ಮಾಡಿ ಉಳಿಸುವ ಆಸೆ ಬೇಡ. ಸೋರುವ ಕಡೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಸುತ್ತಿ, ಕ್ಲಿಪ್ಪು ಬಿಗಿದು, ಆ ವಾರವೇ ಬದಲಾಯಿಸಿಬಿಡಿ.

ಮನೆಯಲ್ಲಿ ನಾವೇ ಮಾಡಬಹುದಾದದ್ದು ಮರೆಯ ಸಂದಿನ ಕೆಲಸ. ಮೊದಲು ಮೀಟರಿನ ಬಳಿಯ ವಾಲ್ವನ್ನು ಮುಚ್ಚಿ, ಕೆಳಗಿನ ನಲ್ಲಿ ಬಿಟ್ಟು ಕೊಳಾಯಿಯನ್ನು ಖಾಲಿಮಾಡಬೇಕು. ಎರಡು ಗೋಡೆಗಳ ನಡುವೆ ಸಿಕ್ಕಿರುವ ಕೊಳಾಯಿಯನ್ನು ನಡುವೆ ತಿರುಗಿಸಲಾಗದು. ಒಂದು ಕಡೆ ಬಿಗಿಯುವುದು ಇನ್ನೊಂದು ಕಡೆ ಸಡಿಲುವುದೇ ಆಗುತ್ತದೆ. ಆದ್ದರಿಂದ ಹತ್ತಿರದ ಯೂನಿಯನ್ನನ್ನೋ ನಲ್ಲಿಯ ತುದಿಯನ್ನೋ ಬಿಚ್ಚಿಕೊಂಡು ಬನ್ನಿ. ಎರಡು ಪೈಪ್ ರೆಂಚುಗಳಿರಲಿ, ಒಂದು ತಿರುಗಿಸಲು, ಮತ್ತೊಂದು ಎದುರು ತುದಿಯನ್ನು ಅಲುಗಾಡದಂತೆ ಹಿಡಿಯಲು. ಒಂದೇ ರೆಂಚಿನಿಂದ ಮಾಡುವ ಧೈರ್ಯವೇ ಬಹಳ ಮನೆಗಳಲ್ಲಿ ಒಂದು ಸೋರಿಕೆಯನ್ನು ಮೂರು ಮಾಡಿದೆ. ಹಳೆಯ ಸಣಬು, ಸಫೇದಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒಣಗಿದ್ದನ್ನು ಉಜ್ಜಿದರೆ ಪುಡಿ ಮೂಗಿಗೆ ಏರುತ್ತದೆ. ಮಕ್ಕಳು ದೂರವಿರಲಿ, ಊಟಕ್ಕೆ ಮುನ್ನ ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಮರೆ ಸವೆದಿದ್ದರೆ ಎಷ್ಟು ಸುತ್ತಿದರೂ ನಿಲ್ಲದು, ಆ ತುಂಡನ್ನೇ ಬದಲಿಸಬೇಕು. ಚೆನ್ನಾಗಿದ್ದರೆ ಕೊಳಾಯಿಯ ಬಾಯಿ ನಮ್ಮ ಕಡೆಗೆ ಇರುವಂತೆ ಹಿಡಿದು ಟೆಫ್ಲಾನ್ ಪಟ್ಟಿಯನ್ನು ಪ್ರದಕ್ಷಿಣವಾಗಿ ಐದಾರು ಸುತ್ತು ಸುತ್ತಿ. ಅಪ್ರದಕ್ಷಿಣ ಸುತ್ತಿದರೆ ಬಿಗಿಯುವಾಗ ಪಟ್ಟಿ ಬಿಚ್ಚಿ ಮುದ್ದೆಯಾಗುತ್ತದೆ. ಬಿಗಿದ ಮೇಲೆ ನಲ್ಲಿಯ ಮುಖ ಸೊಟ್ಟಗಿದೆಯೆಂದು ಹಿಂದಕ್ಕೆ ತಿರುಗಿಸಬಾರದು. ಅಗತ್ಯವಾದರೆ ಬಿಚ್ಚಿ ಹೊಸದಾಗಿ ಸುತ್ತುವುದೇ ಸರಿ.

ಎರಕದ ಕೊಳವೆಯ ಸೀಸದ ಸಂದು ಬರಿಯ ಜಿನುಗುತ್ತಿದ್ದರೆ ಕಾಯಿಸುವ ಗೊಡವೆಯೇ ಬೇಡ. ಸೀಸ ಮೆದು ಲೋಹ. ಮೊಂಡಾದ ಉಳಿಯಿಟ್ಟು ಸುತ್ತಲೂ ಹದವಾಗಿ ಬಡಿದರೆ ಅದು ತಾನೇ ಹಿಗ್ಗಿ ಸಂದನ್ನು ತುಂಬುತ್ತದೆ. ಬಲವಾಗಿ ಬಡಿದರೆ ಎರಕದ ಕಬ್ಬಿಣ ಸೀಳುತ್ತದೆ. ಸೀಸ ಕರಗುವುದು ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಕರಗಿದ ಸೀಸವನ್ನು ತೇವವಿರುವ ಸಂದಿಗೆ ಹೊಯ್ದರೆ ನೀರು ಒಮ್ಮೆಗೇ ಹಬೆಯಾಗಿ ಲೋಹ ಮುಖಕ್ಕೆ ಸಿಡಿಯುತ್ತದೆ. ಅದು ಬಲ್ಲವರ ಕೆಲಸ. ಬೀದಿಯ ಕೊಳವೆಯನ್ನಂತೂ ಮುಟ್ಟಬೇಡಿ, ನಗರಪಾಲಿಕೆಗೆ ತಿಳಿಸಿ.

ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ ೦.೦೧ ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕಾಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಏರುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಅದರ ಅಪಾಯ ಹೆಚ್ಚು. ಆದ್ದರಿಂದ ರಾತ್ರಿಯೆಲ್ಲ ಕೊಳಾಯಿಯಲ್ಲಿ ನಿಂತ ಮೊದಲ ನೀರನ್ನು ಗಿಡಕ್ಕೆ, ನೆಲ ಒರೆಸುವುದಕ್ಕೆ ಹಿಡಿಯಿರಿ. ಹೊಸ ಪ್ಲಾಸ್ಟಿಕ್ ಕೊಳವೆ ತರುವಾಗಲೂ ಸೀಸವಿಲ್ಲದ್ದನ್ನೇ ಕೇಳಿ; ಪಿ.ವಿ.ಸಿ. ಕೊಳವೆಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು ೨೦೨೧ರಲ್ಲಷ್ಟೆ.

ಕೆಲಸ ಮುಗಿದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆದು, ಸಂದನ್ನು ಬಟ್ಟೆಯಿಂದ ಒರೆಸಿ, ಮೇಲೆ ಒಣ ಬೂದಿ ಉದುರಿಸಿ. ಎಲ್ಲಿ ಬೂದಿ ಕಪ್ಪಾಗುವುದೋ ಅಲ್ಲಿ ಇನ್ನೂ ಜಿನುಗಿದೆಯೆಂದು ತಿಳಿಯಿರಿ. ತೋಡಿದ ಗುಂಡಿಯನ್ನು ಅಂದೇ ಮುಚ್ಚಬಾರದು. ಮುಂದಿನ ಸಲ ನೀರು ಬಿಟ್ಟ ದಿನ, ಒತ್ತಡ ಪೂರ್ತಿ ಇರುವಾಗ ಮತ್ತೊಮ್ಮೆ ಬೂದಿ ಹಾಕಿ ನೋಡಿ, ಒಣಗಿಯೇ ಇದ್ದರೆ ಮಣ್ಣೆಳೆಯಿರಿ.