ಮೊದಲು ಮ್ಯಾಟು ಬಿಗೀರಿ, ಆಮೇಲೆ ಬ್ಯಾಟು ಹಿಡೀರಿ

ತಿಕೋಟಾ ದಾಟಿ, ಒಣದ್ರಾಕ್ಷಿ ಶೆಡ್ಡುಗಳ ಸಾಲು ಮುಗಿಯುವ ಕಡೆ ಒಂದು ಮಡ್ಡಿ ನೆಲ. ಬೆಳಿಗ್ಗೆ ಆರೂವರೆಗೇ ಹುಡುಗರು ಮ್ಯಾಟು ಹಾಸುತ್ತಿದ್ದರು. ನೆಟ್ ಎಂದರೆ ಶೆಡ್ಡಿನ ಹಳೆಯ ಹಸಿರು ಬಲೆ. ಅದಕ್ಕೆ ಆಸರೆ ದ್ರಾಕ್ಷಿ ಪಡದಿಂದ ಕಿತ್ತು ತಂದ ಕಲ್ಲುಕಂಬ. ನಾನು ಮಾತ್ರ ನೋಡುತ್ತ ನಿಂತದ್ದು ಸುತ್ತಿಗೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ನಿವೃತ್ತ ಪಿ.ಇ. ಮಾಸ್ತರರನ್ನು. ಒಂದು ಮೊಳೆ ಹೊಡೆಯುವುದು, ಮ್ಯಾಟಿನ ಅಂಚನ್ನು ಬೆರಳಲ್ಲಿ ಮೀಟುವುದು, ತಬಲಾ ಶ್ರುತಿ ಮಾಡುವವರ ಹಾಗೆ ತಲೆ ವಾಲಿಸಿ ಕೇಳುವುದು.

“ಬಿಗಿ ಇದ್ದರ ಚೆಂಡ ಪುಟೀತೈತ್ರಿ ಸರ. ಸಡ್ಲ ಇದ್ದರ ಹಿಡಕೊಂಡ ತಿರಗತೈತಿ. ಇಷ್ಟ ತಿಳಕೊಂಡ್ರ ಅರ್ಧ ಕ್ರಿಕೆಟ್ ಬಂದಂಗ,” ಎಂದರು.

ಅವರ ಪಾಠವೂ ಅಷ್ಟೇ ಸರಳ. ಮೊದಲ ಅರ್ಧ ಗಂಟೆ ಬಿಗಿ ಮ್ಯಾಟಿನ ಮೇಲೆ ಆಟ. ಆಮೇಲೆ ಗುಡ್‌ಲೆಂತ್ ಬೀಳುವ ಜಾಗದ ನಾಲ್ಕಾರು ಮೊಳೆ ಸಡಿಲಿಸಿ, ಅದೇ ಬ್ಯಾಟ್ಸ್‌ಮನ್ನಿಗೆ ಅದೇ ಸ್ಪಿನ್ನರ್. ಮೊದಲು ಬ್ಯಾಟಿನ ನಡುವಿಗೆ ಬಂದ ಚೆಂಡು ಈಗ ಅಂಚಿಗೆ ತಾಗುತ್ತದೆ. ಆಗ ಹುಡುಗ ಬೌಲರ್ ಕೈಯನ್ನು ನೋಡಲು ಶುರುಮಾಡುತ್ತಾನೆ. ಸಡಿಲ ಮ್ಯಾಟಿನ ಮೇಲೆ ವೇಗಿಗಳಿಗೆ ಚೆಂಡು ಕೊಡುವಂತಿಲ್ಲ, ಹೆಲ್ಮೆಟ್ ಇಲ್ಲದೆ ಯಾರೂ ನಿಲ್ಲುವಂತಿಲ್ಲ. ಈ ಎರಡು ಕಟ್ಟಳೆಗೆ ರಿಯಾಯಿತಿ ಇಲ್ಲ. ಎರಿ ಹೊಲದಲ್ಲಿ ಹಾಸಿದರೆ ಬೇಸಿಗೆಯ ಬಿರುಕು ಅಡಿಯಿಂದ ಆಟ ಕೆಡಿಸುತ್ತದೆ ಎಂದೇ ಅವರು ಗರಸಿನ ನೆಲ ಹುಡುಕಿಕೊಂಡದ್ದು.

ಮ್ಯಾಟನ್ನು ಬಡವರ ಪಿಚ್ ಎಂದು ಮೂಗು ಮುರಿಯುವವರಿಗೆ ಲಖನೌ ನೆನಪಿಸಬೇಕು. 1952ರ ಅಕ್ಟೋಬರಿನಲ್ಲಿ ಅಲ್ಲಿ ಸೆಣಬಿನ ಮ್ಯಾಟಿನ ಮೇಲೆ ಟೆಸ್ಟ್ ಪಂದ್ಯವೇ ನಡೆಯಿತು. ಪಾಕಿಸ್ತಾನದ ಫಜಲ್ ಮಹಮೂದ್ 52ಕ್ಕೆ 5, ಮತ್ತೆ 42ಕ್ಕೆ 7 ವಿಕೆಟ್ ಕಿತ್ತರು. ಭಾರತ ಇನಿಂಗ್ಸ್ ಮತ್ತು 43 ರನ್ನುಗಳಿಂದ ಸೋತಿತು. ಅಂದು ಆ ಮೊಳೆಗಳನ್ನು ಯಾರು ಹೊಡೆದಿದ್ದರು, ಎಷ್ಟು ಬಿಗಿದಿದ್ದರು ಎಂಬ ಕುತೂಹಲ ನನಗೆ ಇಲ್ಲಿಂದ ಅಂಟಿಕೊಂಡಿದೆ. ಸ್ಕೋರ್‌ಕಾರ್ಡಿನಲ್ಲಿ ಅಂಥವರಿಗೆ ಜಾಗವಿಲ್ಲ.

ನಮ್ಮ ಕಡೆಯ ಹುಡುಗರ ನಿಜವಾದ ತೊಡಕು ಟೆನಿಸ್ ಬಾಲಿನಿಂದ ಲೆದರ್ ಬಾಲಿಗೆ ದಾಟುವುದು. ಟೆನಿಸ್ ಚೆಂಡು ಸುಮಾರು 58 ಗ್ರಾಂ; ಲೆದರ್ ಚೆಂಡು 156ರಿಂದ 163 ಗ್ರಾಂ. ಹಗುರ ಚೆಂಡು ಎದೆಮಟ್ಟ ಏಳುತ್ತದೆ, ಕಾಲು ಸರಿಸಿ ಅಡ್ಡ ಬೀಸಿದರೂ ದಾಟುತ್ತದೆ. ಲೆದರ್ ಚೆಂಡು ಅಷ್ಟು ಏಳದೆ ಒಳನುಗ್ಗಿ ಸ್ಟಂಪು ಹಾರಿಸುತ್ತದೆ. ಹಾಗಾಗಿ ಮಾಸ್ತರರು ಮಿಡ್‌ಆಫ್, ಮಿಡ್‌ಆನ್ ಕಡೆ ಒಂದೊಂದು ಚಪ್ಪಲಿ ಇಟ್ಟು, ಅವುಗಳ ನಡುವೆಯೇ ಚೆಂಡು ಉರುಳಿಸಲು ಹೇಳುತ್ತಾರೆ. ಸಿಕ್ಸರ್ ಹೊಡೆದವನು ಔಟ್! ಈ ಆಟದಲ್ಲಿ ಊರಿನ ದೊಡ್ಡ ಹೊಡೆತಗಾರರೇ ಮೊದಲು ಕೂರುತ್ತಾರೆ.

ಬಬಲೇಶ್ವರದ ಹುಡುಗರಿಬ್ಬರು ಬೈಕಿನಲ್ಲಿ ಬಂದಿದ್ದರು. ಊರಲ್ಲಿ ನೆಟ್ ಇಲ್ಲ ಎಂಬುದು ಅವರ ಗೋಳು. “ಗ್ವಾಡಿ ಐತಿಲ್ಲೋ ತಮ್ಮಾ?” ಎಂದರು ಮಾಸ್ತರರು. ಗೋಡೆಗೆ ಎಸೆದು ಒಂದೇ ಕೈಯಲ್ಲಿ ಹಿಡಿಯುವುದು, ಎಡಗೈ ಬಲಗೈ ಬದಲಿಸುವುದು, ದಿನಕ್ಕೆ ಇಪ್ಪತ್ತು ನಿಮಿಷ. ಭಾನುವಾರದ ಮ್ಯಾಚುಗಳನ್ನು ಕೆಡಿಸುವುದು ಕೈಚೆಲ್ಲಿದ ಕ್ಯಾಚುಗಳೇ ಹೊರತು ಕವರ್ ಡ್ರೈವ್ ಬಾರದಿರುವುದಲ್ಲ.

ವೇಗಿಗಳ ವಿಷಯದಲ್ಲಿ ಮಾತ್ರ ನನಗೆ ನಮ್ಮ ಕ್ಲಬ್ಬುಗಳ ಮೇಲೆ ಸಿಟ್ಟಿದೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 14–15ರ ವಯಸ್ಸಿನ ವೇಗಿಗೆ ಒಂದು ಸ್ಪೆಲ್ಲಿಗೆ 6, ದಿನಕ್ಕೆ 12 ಓವರುಗಳ ಮಿತಿ ಹಾಕಿತ್ತು. ಅದು ತಂಪು ನಾಡಿನ ಲೆಕ್ಕ. ನಲವತ್ತು ಡಿಗ್ರಿ ದಾಟುವ ವಿಜಯಪುರದಲ್ಲಿ ಒಂದೇ ದಿನ ಮೂರು ಮ್ಯಾಚು ಆಡಿಸಿ, ಬೆನ್ನು ಹಿಡಿದವನಿಗೆ ಸ್ಪ್ರೇ ಹೊಡೆದು ಮತ್ತೆ ಚೆಂಡು ಕೊಡುವುದು ಯಾವ ಕೋಚಿಂಗ್? ಬೆಳಿಗ್ಗೆ ಎಂಟೂವರೆಗೆ ಬೌಲಿಂಗ್ ಮುಗಿಸಿ, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ. ಕ್ಲಬ್ಬಿನ ವಹಿಯಲ್ಲಿ ಯಾರು ಎಷ್ಟು ಓವರ್ ಹಾಕಿದರೆಂದು ಬರೆದಿಡಿ.

ಕ್ರಿಕೆಟ್ ಶುರುಮಾಡಲು ತಡವಾಯಿತು ಎನ್ನುವವರಿಗೆ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ ಇದ್ದಾರೆ. ಈ ವಿಜಯಪುರದ ಹುಡುಗಿ ಜಾವೆಲಿನ್ ಎಸೆದುಕೊಂಡು, ವಾಲಿಬಾಲ್ ಆಡಿಕೊಂಡಿದ್ದು ಆಮೇಲೆ ಕ್ರಿಕೆಟ್ಟಿಗೆ ಬಂದವರು. 2017ರ ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತರು. ಎದುರಾಳಿ 79ಕ್ಕೆ ಆಲೌಟ್. ಬಬಲೇಶ್ವರದ ಶಾಸಕರೂ ಮಂತ್ರಿಗಳೂ ಆಗಿದ್ದ ಎಂ.ಬಿ. ಪಾಟೀಲರು ಕಾರು ಕೊಡಲು ಬಂದಾಗ, ಅದು ಬೇಡ, ಮನೆಯವರಿಗೊಂದು ಸೂರು ಬೇಕು ಎಂದರು. ಗದಗಿನ ಸುನೀಲ್ ಜೋಶಿಯವರೂ ಎಡಗೈ ಸ್ಪಿನ್ನರೇ. ಶಾಲೆಗೆ ಮುಂಚೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಬಂದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ 10 ಓವರ್‌ಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಬಿಸಿಲು ನಾಡಿಗೂ ಎಡಗೈ ಸ್ಪಿನ್ನಿಗೂ ನಂಟಿದೆ ಎಂದು ನನ್ನ ಗುಮಾನಿ. ಇಬ್ಬರ ಮೇಲೆ ಸಿದ್ಧಾಂತ ಕಟ್ಟಬಾರದು ಎಂದು ಮಾಸ್ತರರು ನಕ್ಕರು.

ಬಿಜಾಪುರ ಬುಲ್ಸ್ 2015 ಮತ್ತು 2018ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಗೆದ್ದಾಗ ನಮ್ಮ ಹೆಸರು ರಾಜ್ಯವೆಲ್ಲ ಕೇಳಿತು. ಹೆಸರಿನಿಂದ ಹಳ್ಳಿಯ ಹುಡುಗನಿಗೆ ಆಡಲು ನೆಲ ಸಿಗುವುದಿಲ್ಲ. ಕ್ಲಬ್ಬಿನ ಕಾರ್ಯದರ್ಶಿಗಳೇ, ಮುಂದಿನ ಟೂರ್ನಿಗೆ ಹೆಸರು ಛಾಪಿಸಿದ ಜೆರ್ಸಿ ಹೊಲಿಸುವ ದುಡ್ಡಿನಲ್ಲಿ ಮೊದಲು ಎರಡು ಹೆಲ್ಮೆಟ್, ಒಂದು ಡಬ್ಬಿ ಲೆದರ್ ಚೆಂಡು ತನ್ನಿ. ಹಳೇ ಬನಿಯನ್ನಿನಲ್ಲೂ ಕ್ಯಾಚು ಹಿಡಿಯಬಹುದು.