ಅತ್ತೆಯವರ ಫೋಟೋ ಮತ್ತು ಮೂರು ಲೆನ್ಸುಗಳು

ನಿಮ್ಮ ಮನೆಯಲ್ಲಿ ಹಿರಿಯರ ಒಂದು ಒಳ್ಳೆಯ ಫೋಟೋ ಇದೆಯೇ? ಮದುವೆ ಗುಂಪಿನ ಹಿಂದಿನ ಸಾಲಿನಲ್ಲಿ ನಿಂತದ್ದಲ್ಲ, ಆಧಾರ್ ಕಾರ್ಡಿನದಂತೂ ಅಲ್ಲವೇ ಅಲ್ಲ. ಅವರೊಬ್ಬರೇ ನೆಮ್ಮದಿಯಾಗಿ ಕುಳಿತು, ಅವರ ಮುಖ ಅವರದೇ ಮುಖದಂತೆ ಕಾಣುವ ಫೋಟೋ. ಒಮ್ಮೆ ಎದ್ದು ಹೋಗಿ ಹುಡುಕಿ ನೋಡಿ. ಈ ಲೇಖನವನ್ನು ಆಮೇಲೆ ಓದಿದರೂ ಆದೀತು.

ನಾನು ಹುಡುಕಿದ್ದು ತಡವಾಗಿ. ನನ್ನ ತವರು ಹರಿಹರ. ನಮ್ಮ ಅವ್ವ ತೀರಿಕೊಂಡಾಗ ಹಾರ ಹಾಕಲು ಒಂದು ಫೋಟೋ ಬೇಕಾಯಿತು. ಟ್ರಂಕು, ಬೀರು ಎಲ್ಲ ತಡಕಾಡಿದರೂ ಸಿಕ್ಕಿದ್ದು ಚಿಕ್ಕಪ್ಪನ ಮದುವೆಯ ಗುಂಪು ಫೋಟೋ ಒಂದೇ. ಅದರಲ್ಲಿ ಅವ್ವನ ಮುಖ ಕಡಲೆಕಾಳಿನಷ್ಟು. ಸ್ಟುಡಿಯೋದವರು ಅದನ್ನೇ ದೊಡ್ಡದು ಮಾಡಿ ಕೊಟ್ಟರು. ಪಾಪ, ಅವರಾದರೂ ಏನು ಮಾಡಿಯಾರು, ಇಲ್ಲದ್ದನ್ನು ಎಲ್ಲಿಂದ ತಂದಾರು? ಇವತ್ತಿಗೂ ಅದರ ಮುಂದೆ ದೀಪ ಹಚ್ಚುವಾಗ ನನಗೆ ಕಾಣುವುದು ಅವ್ವನಲ್ಲ, ಬರೀ ಚುಕ್ಕೆಗಳು.

ಈಗ ನಮ್ಮ ಅತ್ತೆಯವರಿಗೆ 79 ವರ್ಷ. ಮಗ ಕೆಲಸಕ್ಕೆ ಸೇರಿದ ಮೇಲೆ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡ. ಒಂದು ಸಂಜೆ ಅಡಿಗೆ ಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ಅಜ್ಜಿ ಫೋಟೋ ಚೆಂದ ಬರಬೇಕಂದ್ರೆ ಒಂದು ಫಾಸ್ಟ್ ಪೋರ್ಟ್ರೇಟ್ ಲೆನ್ಸ್ ಬೇಕು" ಎಂದ. ಬೆಲೆ ಕೇಳಿದೆ. ಒಗ್ಗರಣೆ ಸೌಟು ಕೈಯಲ್ಲೇ ನಿಂತಿತು. ಕ್ಯಾಮೆರಾಕ್ಕಿಂತ ಲೆನ್ಸಿನದೇ ಹೆಚ್ಚು! ನನ್ನ ಚೀಟಿ ಹಣ ಬರುವ ತಿಂಗಳು ಅವನಿಗೆ ಚೆನ್ನಾಗಿ ನೆನಪಿತ್ತೆಂದು ಕಾಣುತ್ತದೆ. ಆ ಹಣವನ್ನು ನಾನು ಅತ್ತೆಯವರ ಕಣ್ಣಿನ ಪೊರೆ ಆಪರೇಷನ್ನಿಗೆಂದು ಎತ್ತಿಟ್ಟಿದ್ದೆ.

ಆಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಅವ್ವನ ಫೋಟೋ ಕಣ್ಣ ಮುಂದೆ ಬಂತು. "ನೋಡಪ್ಪಾ, ಸೀರೆಯನ್ನೇ ನಾಲ್ಕು ಅಂಗಡಿ ಸುತ್ತಿ ತರೋಳು ನಾನು. ನೋಡದೆ ಹೇಗೆ ದುಡ್ಡು ಕೊಡ್ಲಿ?" ಎಂದೆ. ನಮ್ಮ ಬೀದಿಯಲ್ಲಿ ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಮಗನ ಗೆಳೆಯ. ಅವನು ತನ್ನ ಲೆನ್ಸುಗಳನ್ನು ಎರಡು ದಿನದ ಮಟ್ಟಿಗೆ ಕೊಟ್ಟ.

ಫಾಸ್ಟ್ ಎಂದರೇನು?

ನನಗೂ ಮೊದಲು ಅರ್ಥವಾಗಿರಲಿಲ್ಲ. ಲೆನ್ಸು ಓಡುತ್ತದೆಯೇ? ಇಲ್ಲ. ಅದರ ಬಾಯಿ ಅಗಲ, ಅಷ್ಟೆ. ಸಣ್ಣ ಬಾಯಿಯ ತಂಬಿಗೆಗಿಂತ ಅಗಲ ಬಾಯಿಯ ಕೊಳಗ ಬೇಗ ತುಂಬುತ್ತದಲ್ಲ, ಹಾಗೆ. ಅಗಲ ಬಾಯಿಯ ಲೆನ್ಸು ಹೆಚ್ಚು ಬೆಳಕನ್ನು ಒಳಗೆ ಬಿಡುವುದರಿಂದ ಕ್ಷಣಾರ್ಧದಲ್ಲಿ ಫೋಟೋ ತೆಗೆದು ಮುಗಿಯುತ್ತದೆ. ಅದಕ್ಕೇ ಫಾಸ್ಟ್ ಎಂಬ ಹೆಸರು.

ಈ ಬಾಯಿಯ ಅಳತೆಯನ್ನು 'ಎಫ್' ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ನಮ್ಮ ಕ್ಯಾಮೆರಾದ ಜೊತೆ ಬಂದಿದ್ದ ಜೂಮ್ ಲೆನ್ಸನ್ನು ಪೂರ್ತಿ ಎಳೆದಾಗ ಎಫ್ 7.1ಕ್ಕೆ ನಿಲ್ಲುತ್ತದೆ. ಅದರ ಪಕ್ಕದಲ್ಲಿ ಎಫ್ 1.8ರ ಲೆನ್ಸು ಸುಮಾರು 15 ಪಟ್ಟು ಬೆಳಕು ತರುತ್ತದೆ! ಆದರೆ ಎಫ್ 1.8ರಿಂದ ಎಫ್ 1.2ಕ್ಕೆ ಹೋದರೆ ಹೆಚ್ಚುವುದು ಎರಡೂಕಾಲು ಪಟ್ಟು ಮಾತ್ರ. ಮೊದಲ ಮೆಟ್ಟಿಲಿನಲ್ಲಿ ಲಾಭ ಬಹಳ, ಖರ್ಚು ಕಡಿಮೆ. ಮುಂದಿನ ಮೆಟ್ಟಿಲಿನಲ್ಲಿ ಖರ್ಚು ಬಹಳ, ಲಾಭ ಕಡಿಮೆ. ಸಂಸಾರ ತೂಗಿಸುವ ನಮಗೆ ಈ ಲೆಕ್ಕ ಬೇಗ ತಿಳಿಯುತ್ತದೆ.

ಈ ಆಸೆ ಇಂದಿನದಲ್ಲ. ಫೋಟೋಗ್ರಫಿ ಹುಟ್ಟಿದ ಹೊಸದರಲ್ಲಿ ಒಂದು ಮುಖಚಿತ್ರಕ್ಕೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. 1840ರಲ್ಲಿ ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ಮುಖಚಿತ್ರಕ್ಕೆಂದೇ ಅಗಲ ಬಾಯಿಯ ಲೆನ್ಸನ್ನು ರೂಪಿಸಿದ. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಆ ಲೆಕ್ಕ ಮಾಡಲು ಸೇನೆಯ ಫಿರಂಗಿ ದಳದವರೂ ನೆರವಾದರಂತೆ.

ಇನ್ನು ಮಿರರ್‌ಲೆಸ್ ಎಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಕನ್ನಡಿಯೊಂದು ಟಪ್ಪೆಂದು ಮೇಲೇಳುತ್ತಿತ್ತು. ಇದರಲ್ಲಿ ಅದಿಲ್ಲ. ಕ್ಯಾಮೆರಾ ಸದಾ ದೃಶ್ಯವನ್ನು ನೋಡುತ್ತಲೇ ಇದ್ದು, ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಅಗಲ ಬಾಯಿಯ ಲೆನ್ಸಿಗೆ ಇದರಿಂದ ದೊಡ್ಡ ಉಪಕಾರ.

ಹರಿಹರೇಶ್ವರನ ಮಂಟಪದಲ್ಲಿ

ಭಾನುವಾರ ಬೆಳಿಗ್ಗೆ ದಾವಣಗೆರೆಯಿಂದ ಹರಿಹರಕ್ಕೆ ಹೊರಟೆವು. ಹೆಚ್ಚು ದೂರವೇನಲ್ಲ, ಹದಿನಾಲ್ಕು ಕಿಲೋಮೀಟರ್. ಅತ್ತೆಯವರ ಮದುವೆ ನಡೆದದ್ದು ಹರಿಹರೇಶ್ವರ ದೇವಸ್ಥಾನದಲ್ಲಿ. ಫೋಟೋ ತೆಗೆಯುವುದಾದರೆ ಅಲ್ಲೇ ಎಂದು ಅವರ ಹಟ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಮಂಟಪದ ಕಂಬಗಳು ನುಣುಪಾಗಿ ಕಡೆದಂಥವು. ನಮ್ಮ ಅಪ್ಪಾಜಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಅಲ್ಲಿ ತಯಾರಾಗುತ್ತಿದ್ದುದೂ ಲೇಥ್ ಯಂತ್ರಗಳೇ. "ನಮಗಿಂತ ಮೊದ್ಲೇ ಇವರು ಲೇಥ್ ಹಿಡಿದಿದ್ರು ನೋಡು" ಎಂದು ಅಪ್ಪಾಜಿ ಆ ಕಂಬಗಳನ್ನು ಸವರುತ್ತಿದ್ದುದು ನೆನಪಾಯಿತು.

ಅಲ್ಲಿದ್ದವರನ್ನು ಕೇಳಿಕೊಂಡು, ಭಕ್ತರಿಗೆ ಅಡ್ಡಿಯಾಗದಂತೆ ಒಂದು ಬದಿಯಲ್ಲಿ ಅತ್ತೆಯವರನ್ನು ಕೂರಿಸಿದೆವು. "ನಂಗೆ ಹಾರ ಹಾಕೋಕೆ ಈಗ್ಲೇ ತಯಾರಿ ಏನವ್ವಾ?" ಎಂದರು. ನನಗೆ ಗಂಟಲು ಕಟ್ಟಿದಂತಾಯಿತು. ಮಗನೇ ಕಾಪಾಡಿದ: "ಅಜ್ಜಿ, ಹಾರ ಹಾಕಿದ ಫೋಟೋದಾಗೆ ನಗಂಗಿಲ್ಲ. ಇದ್ರಾಗೆ ನಗಬಹುದು." ಅವರು ನಕ್ಕರು.

ಮೊದಲು ದೊಡ್ಡ ಲೆನ್ಸು, ಕ್ಯಾನನ್ ಆರ್‌ಎಫ್ 85 ಮಿ.ಮೀ. ಎಫ್ 1.2. ತೂಕ 1195 ಗ್ರಾಂ. ಕೈಯಲ್ಲಿ ಹಿಡಿದರೆ ತುಂಬಿದ ಉಪ್ಪಿನಕಾಯಿ ಜಾಡಿ! ತೆಗೆದ ಚಿತ್ರ ನೋಡಿ ಬೆರಗಾದೆ, ಸುಳ್ಳು ಹೇಳುವುದಿಲ್ಲ. ಹಿಂದಿನದೆಲ್ಲ ಕರಗಿ, ಮುಖ ಮಾತ್ರ ಎದ್ದು ಬಂದಿತ್ತು. ಆದರೆ ಹತ್ತಿರದಿಂದ ನೋಡಿದಾಗ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಬ್ಬು. ಮತ್ತೊಂದು ಚಿತ್ರದಲ್ಲಿ ಕನ್ನಡಕದ ಅಂಚು ಸ್ಪಷ್ಟ, ಕಣ್ಣೆರಡೂ ಮಬ್ಬು. ಐದಡಿ ದೂರದಿಂದ ಎಫ್ 1.2ರಲ್ಲಿ ತೆಗೆದರೆ ಚಿತ್ರದಲ್ಲಿ ಸ್ಪಷ್ಟವಾಗಿ ನಿಲ್ಲುವ ಆಳ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಮುಖ ಚೂರು ಓರೆಯಾದರೂ ಮೂಗುತಿಗೂ ಕಿವಿಯೋಲೆಗೂ ಒಟ್ಟಿಗೆ ಸಾಲುವುದಿಲ್ಲ.

ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಅತ್ತೆಯವರು ಚಿತ್ರವನ್ನು ಕಣ್ಣ ಹತ್ತಿರ ಹಿಡಿದು, "ಕಂಬ ಎಲ್ಲೈತಿ?" ಎಂದರು. ಎಂಟುನೂರು ವರ್ಷ ನಿಂತ ಕಂಬಗಳನ್ನು ಲೆನ್ಸು ಗಂಜಿ ಮಾಡಿಬಿಟ್ಟಿತ್ತು! ಅಷ್ಟು ದೂರ ಬಂದದ್ದೇ ಆ ಕಂಬಕ್ಕಾಗಿ. ಎಫ್ 4ಕ್ಕೆ ಇಳಿಸಿದ ಮೇಲೆ ಕಂಬದ ಆಕಾರ ತಿಳಿಯುವಷ್ಟು ಬಂತು. ಎಫ್ 4ರಲ್ಲೇ ತೆಗೆಯುವುದಾದರೆ ಎಫ್ 1.2ಕ್ಕೆ ಹಣ ಸುರಿಯುವುದೇಕೆ?

ಎರಡನೆಯದು ಅದೇ ಕಂಪನಿಯ 85 ಮಿ.ಮೀ. ಎಫ್ 2. ತೂಕ 500 ಗ್ರಾಂ. ನನ್ನ ಕಣ್ಣಿಗೆ ಮುಖಗಳು ಮೊದಲಿನಷ್ಟೇ ಚೆಂದ ಬಂದವು. ಕೈ ನಡುಕವನ್ನು ತಡೆಯುವ ಏರ್ಪಾಟು ಅದರೊಳಗೇ ಇದೆ. ಅಜ್ಜಿ ಕುಳಿತಲ್ಲಿ ಕುಳಿತಿರುವಾಗ ಅದು ಬಹಳ ಉಪಯೋಗ. ಆದರೆ ಓಡುವ ಮೊಮ್ಮಗುವಿಗೆ ಅದು ಉಪಯೋಗವಿಲ್ಲ. ಅದು ನಿಲ್ಲಿಸುವುದು ನಿಮ್ಮ ಕೈಯನ್ನು, ಮಗುವಿನ ಕಾಲನ್ನಲ್ಲ.

ಮೂರನೆಯದು 50 ಮಿ.ಮೀ. ಎಫ್ 1.8. ತೂಕ 160 ಗ್ರಾಂ. ಅಂಗೈಯಲ್ಲಿ ಅಡಗುವ ಕುಂಕುಮದ ಭರಣಿಯಂತಿದೆ. ಬೆಲೆಯಲ್ಲಿ ಎಫ್ 2ರದ್ದು ಇದರ ಸುಮಾರು ಮೂರು ಪಟ್ಟು, ಎಫ್ 1.2ರದ್ದು ಹತ್ತು ಪಟ್ಟಿಗೂ ಮೀರಿ. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಮುಖ ತುಂಬ ಬರಲೆಂದು ತೀರಾ ಹತ್ತಿರ ಹೋದರೆ ಮೂಗು ದಪ್ಪ, ಕಿವಿ ಸಣ್ಣ ಆಗುತ್ತದೆ. ಇದು ಲೆನ್ಸಿನ ದೋಷವಲ್ಲ, ಹತ್ತಿರ ನಿಂತದ್ದರ ದೋಷ. ಮೊಬೈಲಿನಲ್ಲಿ ಮುಖ ಉಬ್ಬಿ ಕಾಣುವುದೂ ಇದರಿಂದಲೇ. ನಾಲ್ಕೈದು ಅಡಿ ದೂರ ನಿಂತು ತೆಗೆದು, ಸುತ್ತಲಿನದನ್ನು ಆಮೇಲೆ ಕತ್ತರಿಸಿದರೆ ಮುಖ ಸರಿಯಾಗಿಯೇ ಬರುತ್ತದೆ.

ಪಡಸಾಲೆಯ ಪರೀಕ್ಷೆ

ಮರುದಿನ ದಾವಣಗೆರೆಯ ಮನೆಯಲ್ಲೇ ನೋಡಿದೆವು. ನಮ್ಮ ಪಡಸಾಲೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಸೋಫಾ, ಟೀವಿ ಇಟ್ಟ ಮೇಲೆ ಉಳಿದ ಜಾಗ ನಿಮಗೇ ಗೊತ್ತು. 85ರ ಲೆನ್ಸಿನಲ್ಲಿ ಕುರ್ಚಿಯಲ್ಲಿ ಕುಳಿತವರನ್ನು ತಲೆಯಿಂದ ಪಾದದವರೆಗೆ ಹಿಡಿಯಲು ಹತ್ತು ಅಡಿ ಹಿಂದೆ ನಿಲ್ಲಬೇಕು. ಮಗ ಹಿಂದೆ ಸರಿದು ಸರಿದು ಅಡಿಗೆ ಮನೆ ಸೇರಿದ. ರುಬ್ಬಿಟ್ಟ ದೋಸೆ ಹಿಟ್ಟಿನ ಪಾತ್ರೆ ಸ್ವಲ್ಪದರಲ್ಲಿ ಉಳಿಯಿತು. 50ರ ಲೆನ್ಸಿಗೆ ಆರು ಅಡಿ ಸಾಕಾಯಿತು.

ಕಿಟಕಿಯ ಪಕ್ಕದಲ್ಲಿ, ಬೆಳಿಗ್ಗೆ ಒಂಬತ್ತರ ಬೆಳಕಿನಲ್ಲಿ, ಮೂರರಿಂದಲೂ ಒಂದೊಂದು ಚಿತ್ರ ತೆಗೆದು ಅಂಚೆ ಕಾರ್ಡಿನ ಅಳತೆಗೆ ಪ್ರಿಂಟ್ ಹಾಕಿಸಿದೆವು. ಯಾವುದು ಯಾವ ಲೆನ್ಸಿನದೆಂದು ಹೇಳದೆ ನಮ್ಮ ಮನೆಯವರಿಗೆ ತೋರಿಸಿದೆ. ಅವರು 50ರದ್ದನ್ನೇ ಎತ್ತಿಕೊಂಡು, "ಇದ್ರಾಗೆ ಅವ್ವ ಸಮಾಧಾನವಾಗಿ ಕುಂತಾಳೆ" ಎಂದರು. ಕಾರಣ ಊಹಿಸುವುದು ಕಷ್ಟವಲ್ಲ. ಅಷ್ಟು ಸಣ್ಣ ಲೆನ್ಸನ್ನು ಅತ್ತೆಯವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ದೊಡ್ಡದನ್ನು ಎದುರು ಹಿಡಿದಾಗ ಸೆರಗು ಸರಿಮಾಡಿಕೊಂಡು ಬಿಗಿಯಾಗಿ ಬಿಡುತ್ತಿದ್ದರು.

ಹಾಗಾದರೆ ಎಫ್ 1.2 ಬೇಡವೇ ಬೇಡವೆ? ಮಗನ ಗೆಳೆಯನಂಥವರಿಗೆ ಬೇಕು. ಛತ್ರದ ಮಂಕು ಬೆಳಕಿನಲ್ಲಿ, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿಗಳ ಮುಂದೆ ಮದುಮಗಳನ್ನು ಎತ್ತಿ ತೋರಿಸಬೇಕಲ್ಲ, ಅಲ್ಲಿ ಆ ಕುರ್ಚಿಗಳು ಗಂಜಿಯಾದರೇ ಚೆಂದ. ಅವನಿಗೆ ಅದು ಅನ್ನ ಕೊಡುವ ಲೆನ್ಸು. ನಮಗಲ್ಲ.

ಕೊಳ್ಳುವ ಮುನ್ನ ನೆನಪಿಡಿ

1. ಒಂದು ಕಂಪನಿಯ ಲೆನ್ಸು ಇನ್ನೊಂದರ ಕ್ಯಾಮೆರಾಕ್ಕೆ ನೇರವಾಗಿ ಕೂರುವುದಿಲ್ಲ. ಕ್ಯಾಮೆರಾದ ಹೆಸರನ್ನು ಪೂರ್ತಿ ಬರೆದುಕೊಂಡೇ ಅಂಗಡಿಗೆ ಹೋಗಿ.

2. ಬೇರೆ ಕಂಪನಿಗಳಲ್ಲೂ ಇದೇ ಕಥೆ. ಸೋನಿಯ 85 ಎಫ್ 1.8 ಲೆನ್ಸಿನ ತೂಕ 371 ಗ್ರಾಂ. ಅವರದೇ ಎಫ್ 1.4ರ ಮೊದಲ ಜಿಎಂ ಲೆನ್ಸು 820 ಗ್ರಾಂ, 2024ರಲ್ಲಿ ಬಂದ ಎರಡನೆಯದು 642 ಗ್ರಾಂ. ನಿಕಾನ್ ಝಡ್ 85 ಎಫ್ 1.8 ತೂಕ 470 ಗ್ರಾಂ, ಎಫ್ 1.2 ತೂಕ 1160 ಗ್ರಾಂ.

3. ಕ್ಯಾಮೆರಾದ ಸೆನ್ಸರ್ ಸಣ್ಣದಾಗಿದ್ದರೆ, ಅಂದರೆ ಎಪಿಎಸ್-ಸಿ ಆದರೆ, 50ರ ಲೆನ್ಸು 75ರಿಂದ 80ರಂತೆ ಕೆಲಸ ಮಾಡುತ್ತದೆ. ಮುಖಚಿತ್ರಕ್ಕೆ ಅದೇ ಧಾರಾಳವಾಯಿತು. 85 ಕೊಂಡರೆ ಪಡಸಾಲೆ ಸಾಲದು.

4. ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೋ ಕೈಗಡವಾಗಿಯೋ ತಂದು, ನಿಮ್ಮ ಮನೆಯ ಬೆಳಕಿನಲ್ಲೇ ನೋಡಿ.

5. ಎಫ್ ಅಂಕಿಯನ್ನು ಪೂರ್ತಿ ಇಳಿಸಬೇಡಿ. ಒಬ್ಬರಿಗೆ 2.8, ಇಬ್ಬರಿದ್ದರೆ 4. ಕಣ್ಣನ್ನೇ ಗುರಿ ಹಿಡಿಯಿರಿ.

6. ಹಿರಿಯರ ಕನ್ನಡಕ ತೆಗೆಸಬೇಡಿ. ಕನ್ನಡಕವಿಲ್ಲದ ಅವರ ಮುಖ ನಮಗೇ ಗುರುತಿರುವುದಿಲ್ಲ. ಗಾಜು ಹೊಳೆದರೆ ಗದ್ದವನ್ನು ತುಸು ಕೆಳಗಿಳಿಸಲು ಹೇಳಿ.

7. ಫೋಟೋವನ್ನು ಮೊಬೈಲಿನಲ್ಲೇ ಬಿಡಬೇಡಿ. ಒಂದನ್ನಾದರೂ ಕಾಗದದ ಮೇಲೆ ಪ್ರಿಂಟ್ ಹಾಕಿಸಿಡಿ.

ನಾವು ಕೊಂಡದ್ದು ಸಣ್ಣ 50. ಉಳಿದ ಚೀಟಿ ಹಣದಲ್ಲಿ ಅತ್ತೆಯವರ ಆಪರೇಷನ್ ಆಯಿತು. ಪೊರೆ ಬಂದ ಮಸೂರ ತೆಗೆದು ಹೊಸ ಲೆನ್ಸು ಕೂರಿಸಿದರು. ಮನೆಗೆ ಒಂದೇ ವರ್ಷ ಎರಡು ಲೆನ್ಸು ಬಂದವು ಎಂದು ಮಗನ ತಮಾಷೆ.

ಆಮೇಲೆ ಹರಿಹರದಲ್ಲಿ ತೆಗೆದ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದೆವು. ಕಂಬ ಕಾಣುವ ಚಿತ್ರವೇ. ಅತ್ತೆಯವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇಷ್ಟು ಸುಕ್ಕು ಯಾವಾಗ ಬಂದ್ವೇ? ಕನ್ನಡಿಯಾಗೆ ಕಾಣ್ತಿರ್ಲಿಲ್ಲ!" ಎಂದರು. ಸ್ವಲ್ಪ ತಡೆದು, "ಇರ್ಲಿ, ನಾನೇ ಹೌದು" ಎಂದರು.

ಅವ್ವನ ಬಾಯಿಂದ ಆ ಮಾತು ಕೇಳುವ ಭಾಗ್ಯ ನನಗಿರಲಿಲ್ಲ. ಸೋದರಿಯರೇ, ಲೆನ್ಸು ಇಂದಲ್ಲ ನಾಳೆ ಕೊಳ್ಳಬಹುದು. ಬರುವ ಭಾನುವಾರ, ಇದ್ದ ಮೊಬೈಲಿನಲ್ಲೇ ಆಗಲಿ, ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿ ಮನೆಯ ಹಿರಿಯರನ್ನು ಕೂರಿಸಿ. ನಾಲ್ಕಡಿ ಹಿಂದೆ ನಿಂತುಕೊಳ್ಳಿ. ಅವರು ನಗುವವರೆಗೆ ಕಾಯಿರಿ.