ಅಂಗವೈಕಲ್ಯವೂ ವಿದ್ಯಾರ್ಥಿಜೀವನವೂ

'ವಿಕಲ' ಎಂಬ ಶಬ್ದದ ಅರ್ಥವನ್ನು ಮೊದಲು ವಿಚಾರಿಸೋಣ. ಕಲೆ ಎಂದರೆ ಅಂಶ, ಭಾಗ. ಕಲೆಗಳೊಡನೆ ಕೂಡಿದುದು ಸಕಲ. ಯಾವುದೋ ಒಂದು ಕಲೆಯನ್ನು ಕಳೆದುಕೊಂಡುದು ವಿಕಲ. ಆದುದರಿಂದ ಅಂಗವಿಕಲ ಎಂಬ ಸಮಾಸವು ಹೇಳುವುದು ಇಷ್ಟನ್ನೇ: ಈ ವ್ಯಕ್ತಿಗೆ ಅಂಗದ ಒಂದಂಶ ಇಲ್ಲವಾಗಿದೆ. ಈಚೆಗೆ ಸರಕಾರಿ ಬಳಕೆಯಲ್ಲಿ 'ವಿಕಲಚೇತನ' ಎಂಬ ಮಾತು ರೂಢಿಗೆ ಬಂದಿದೆ. ಸೌಜನ್ಯದಿಂದಲೇ ಟಂಕಿಸಿದ ಪದವಾದರೂ ಅಕ್ಷರಾರ್ಥವನ್ನು ಹಿಡಿದು ನೋಡಿದರೆ ಅದು ಚೇತನಕ್ಕೇ ಊನವನ್ನು ಹೊರಿಸುತ್ತದೆ. ಶಬ್ದಚರ್ಚೆಯು ಪಂಡಿತರ ಕಾಲಹರಣವೆಂದು ವಾಚಕರು ಭಾವಿಸಬಾರದು. ಅಪಘಾತದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಹದಿಹರೆಯದ ವಿದ್ಯಾರ್ಥಿಯ ವಿಷಯದಲ್ಲಿ ಬಂಧುಗಳೂ ನೆರೆಹೊರೆಯವರೂ ಒಮ್ಮೊಮ್ಮೆ ಉಪಾಧ್ಯಾಯರೂ ಮಾಡುವ ಪ್ರಮಾದವು ಇದೇ ಆಗಿದೆ. ಅಂಗಕ್ಕಾದ ಹಾನಿಯನ್ನು ಚೇತನಕ್ಕೆ ಆರೋಪಿಸಿ, 'ಪಾಪ, ಇನ್ನು ಇವನಿಗೆ ಓದು ಯಾತಕ್ಕೆ?' ಎಂದು ನಿರ್ಣಯಿಸಿಬಿಡುತ್ತಾರೆ. ವೈದ್ಯನು ಉಳಿಸಿಕೊಟ್ಟ ಜೀವವು ಈ ಒಂದು ನಿರ್ಣಯದಿಂದ ಮೂಲೆ ಸೇರುತ್ತದೆ.

ಹುಟ್ಟಿನಿಂದ ಬಂದ ವೈಕಲ್ಯಕ್ಕೂ ಹದಿನಾಲ್ಕು ಹದಿನಾರರ ವಯಸ್ಸಿನಲ್ಲಿ ಹಠಾತ್ತನೆ ಒದಗುವ ವೈಕಲ್ಯಕ್ಕೂ ಒಂದು ಭೇದವಿದೆ. ಹುಟ್ಟಿನಿಂದ ನಡೆಯಲಾರದ ಮಗುವು ತನಗಿರುವ ದೇಹದೊಡನೆಯೇ ಬೆಳೆಯುತ್ತದೆ. ನಿನ್ನೆಯವರೆಗೆ ಮರ ಹತ್ತುತ್ತಿದ್ದ, ಕಬಡ್ಡಿ ಆಡುತ್ತಿದ್ದ ಹುಡುಗನಿಗಾದರೋ ಹಳೆಯ ದೇಹದ ನೆನಪು ಇದೆ. ಹೊಸ ದೇಹದ ಪರಿಚಯವಿಲ್ಲ. ಸಮವಯಸ್ಕರು ತನ್ನನ್ನು ಹೇಗೆ ಕಾಣುತ್ತಾರೆ ಎಂಬುದೇ ಸರ್ವಸ್ವವಾಗಿರುವ ವಯಸ್ಸು ಅದು. ಮರದಿಂದ ಬೀಳುವುದು, ರಸ್ತೆಯ ಅಪಘಾತ, ಒಕ್ಕಣೆಯ ಯಂತ್ರಕ್ಕೆ ಕೈ ಸಿಕ್ಕುವುದು, ವಿದ್ಯುತ್ತಿನ ಆಘಾತ, ಇವು ನಮ್ಮ ಗ್ರಾಮಗಳಿಗೆ ಅಪರಿಚಿತವಾದ ಸಂಗತಿಗಳಲ್ಲ. ಆದ್ದರಿಂದ ಇಂತಹ ವಿದ್ಯಾರ್ಥಿಯ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಏನು ನಡೆಯುತ್ತದೆ ಎಂಬುದನ್ನು ಶಾಲೆಯವರು ತಿಳಿದಿರುವುದು ಆವಶ್ಯಕ.

ಅಂಗಚ್ಛೇದವಾದ ಮೇಲೆ ಬಹುಪಾಲು ಜನರಿಗೆ ಇಲ್ಲದ ಕೈಕಾಲು ಇದ್ದಂತೆಯೇ ಭಾಸವಾಗುತ್ತದೆ. ಇಲ್ಲದ ಪಾದವು ತುರಿಸುತ್ತದೆ, ಇಲ್ಲದ ಬೆರಳು ನೋಯುತ್ತದೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ಉಪಚರಿಸಿದ ವೈದ್ಯ ಸೈಲಸ್ ವಿಯರ್ ಮಿಚೆಲ್ ಎಂಬುವರು 1871ರಲ್ಲಿ ಇದಕ್ಕೆ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು 'ಮಾಯಾಂಗ' ಎನ್ನಬಹುದು. ದೇಹದ ಪ್ರತಿಯೊಂದು ಅವಯವಕ್ಕೂ ಮಿದುಳಿನಲ್ಲಿ ಒಂದು ನೆಲೆಯಿದೆ. ಅವಯವವು ಹೋದರೂ ಆ ನೆಲೆಯು ಬರಿದಾಗುವುದಿಲ್ಲ. ಅದರ ವ್ಯಾಪಾರ ಮುಂದುವರಿಯುತ್ತಲೇ ಇರುತ್ತದೆ. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಅವರು ಒಂದು ಸರಳೋಪಾಯವನ್ನು ಸೂಚಿಸಿದರು. ಉಳಿದಿರುವ ಕೈಯ ಪ್ರತಿಬಿಂಬವು ಇಲ್ಲದ ಕೈಯ ಸ್ಥಾನದಲ್ಲಿ ತೋರುವಂತೆ ಕನ್ನಡಿಯನ್ನು ಇರಿಸಿ, ಕೈಯನ್ನು ಆಡಿಸುತ್ತ ನೋಡಿದಾಗ ಕೆಲವರ ನೋವು ಶಮನವಾಯಿತು. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯು 'ಇಲ್ಲದ ಕಾಲು ನೋಯುತ್ತಿದೆ' ಎಂದರೆ ಅದು ನೆಪವಲ್ಲ, ಭ್ರಾಂತಿಯೂ ಅಲ್ಲ. ಅಧ್ಯಾಪಕನು ಇದನ್ನು ತಿಳಿದಿದ್ದರೆ ಆ ಮಗುವಿನ ಅರ್ಧ ಸಂಕಟವು ಕಡಿಮೆಯಾಗುತ್ತದೆ.

ಪ್ರಕೃತ ವಿಷಯಕ್ಕೆ ಎಲ್ಲರೂ ಬಲ್ಲ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಬಾಲ್ಯದಿಂದ ಭರತನಾಟ್ಯವನ್ನು ಅಭ್ಯಾಸ ಮಾಡಿದ್ದ ಮುಂಬಯಿಯ ಸುಧಾ ಚಂದ್ರನ್ ಅವರು 1981ರಲ್ಲಿ, ಹದಿನಾರರ ಆಸುಪಾಸಿನಲ್ಲಿ, ತಮಿಳುನಾಡಿನಲ್ಲಿ ಬಸ್ಸಿನ ಅಪಘಾತಕ್ಕೆ ಸಿಲುಕಿದರು. ಬಲಗಾಲಿನ ಗಾಯವು ಕೊಳೆತು, ಮೊಣಕಾಲಿನ ಕೆಳಗೆ ಕಾಲನ್ನು ಕತ್ತರಿಸಬೇಕಾಯಿತು. ಅದೇ ವರ್ಷ ಜಯಪುರದ ವೈದ್ಯ ಡಾ. ಪಿ. ಕೆ. ಸೇಠಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆತಿತ್ತು. ಆ ವಾರ್ತೆಯನ್ನು ಓದಿದ ಸುಧಾ ಅವರು ಸೇಠಿಯವರನ್ನು ಕಂಡು, ಮತ್ತೆ ನರ್ತಿಸಬಲ್ಲೆನೇ ಎಂದು ಕೇಳಿದರು.

ಸೇಠಿಯವರೂ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಕೂಡಿ 1960ರ ದಶಕದ ಕೊನೆಯಲ್ಲಿ ರೂಪಿಸಿದ 'ಜಯಪುರ ಪಾದ'ದ ವೈಶಿಷ್ಟ್ಯವನ್ನು ಇಲ್ಲಿ ವಿವರಿಸುವುದು ಉಚಿತ. ಪಾಶ್ಚಾತ್ಯ ದೇಶಗಳಿಂದ ಬರುತ್ತಿದ್ದ ಕೃತಕ ಪಾದವು ಬೂಟಿನೊಳಗೆ ಇರುವುದಕ್ಕೆಂದು ಮಾಡಿದುದು. ಅದರ ಹರಡು ಬಾಗುತ್ತಿರಲಿಲ್ಲ. ಅದನ್ನು ಧರಿಸಿದ ನಮ್ಮ ರೈತನು ಕುಕ್ಕರಗಾಲಿನಲ್ಲಿ ಕೂರಲಾರ, ಚಕ್ಕಳಮಕ್ಕಳ ಹಾಕಲಾರ, ಗದ್ದೆಯ ಬದುವಿನ ಮೇಲೆ ನಡೆಯಲಾರ. ರಬ್ಬರು ಮತ್ತು ಮರಗಳಿಂದ ನಿರ್ಮಿಸಿದ ಜಯಪುರ ಪಾದವು ಹಲವು ದಿಕ್ಕಿಗೆ ಬಾಗುತ್ತದೆ. ಬರಿಗಾಲಿನ ಆಕಾರವೇ ಅದಕ್ಕಿರುವುದರಿಂದ ಪಾದರಕ್ಷೆಯ ಹಂಗಿಲ್ಲ. ಹೆಚ್ಚಿನ ಶಾಲಾವಿದ್ಯೆಯಿಲ್ಲದ ಶಿಲ್ಪಿಯ ಕೈಚಳಕವೂ ಶಸ್ತ್ರವೈದ್ಯನ ಶಾಸ್ತ್ರಜ್ಞಾನವೂ ಒಂದುಗೂಡಿದುದರ ಫಲವಿದು. 1975ರಲ್ಲಿ ಜಯಪುರದಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಇಂತಹ ಕಾಲುಗಳನ್ನು ಬಡವರಿಗೆ ಉಚಿತವಾಗಿ ನೀಡುತ್ತ ಬಂದಿದೆ.

ಕೃತಕ ಪಾದವು ದೊರೆತ ಮಾತ್ರಕ್ಕೆ ನೃತ್ಯವು ಮರಳಿ ಬರಲಿಲ್ಲ. ಅಡವುಗಳನ್ನು ಮೊದಲಿನಿಂದ ಕಲಿಯಬೇಕಾಯಿತು; ಅಭ್ಯಾಸದಲ್ಲಿ ಕಾಲಿನ ತುದಿಯಿಂದ ರಕ್ತವು ಒಸರಿತು. ಆದರೂ 1984ರಲ್ಲಿ ಅವರು ಮುಂಬಯಿಯ ರಂಗದ ಮೇಲೆ ಮತ್ತೆ ನರ್ತಿಸಿದರು. ಈ ವೃತ್ತಾಂತವನ್ನು ಆಧರಿಸಿ ಸಿಂಗೀತಂ ಶ್ರೀನಿವಾಸರಾವ್ ಅವರು 1985ರಲ್ಲಿ ತೆಲುಗಿನಲ್ಲಿ 'ಮಯೂರಿ' ಎಂಬ ಚಿತ್ರವನ್ನು ನಿರ್ದೇಶಿಸಿದರು. ನಾಯಿಕೆಯ ಪಾತ್ರವನ್ನು ಸುಧಾ ಅವರೇ ವಹಿಸಿದರು. ಜನರು ನೆನೆಯುವುದು ಈ ನೃತ್ಯವನ್ನು. ಉಪಾಧ್ಯಾಯರು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ: ಅವರು ಓದನ್ನು ನಿಲ್ಲಿಸಲಿಲ್ಲ, ಮುಂದೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ವಿದ್ಯೆಯೇ ಸೇತುವೆಯಾದ ಇನ್ನೊಂದು ದೃಷ್ಟಾಂತವು ಮಾಳವಿಕಾ ಅಯ್ಯರ್ ಅವರದು. ರಾಜಸ್ಥಾನದ ಬಿಕಾನೇರಿನಲ್ಲಿ 2002ರ ಮೇ ತಿಂಗಳಿನಲ್ಲಿ ಕೈಬಾಂಬೊಂದು ಸಿಡಿದು, ಹದಿಮೂರರ ಆ ಬಾಲಕಿಯು ಎರಡು ಹಸ್ತಗಳನ್ನೂ ಕಳೆದುಕೊಂಡಳು. ಕಾಲುಗಳಿಗೂ ತೀವ್ರವಾದ ಗಾಯಗಳಾದವು. ಸುದೀರ್ಘ ಚಿಕಿತ್ಸೆಯ ತರುವಾಯ, ಕೆಲವೇ ತಿಂಗಳ ಸಿದ್ಧತೆಯಿಂದ, 2004ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಚೆನ್ನೈಯಲ್ಲಿ ಖಾಸಗಿ ಅಭ್ಯರ್ಥಿಯಾಗಿ ಕುಳಿತು ಶ್ರೇಷ್ಠ ಅಂಕಗಳನ್ನು ಗಳಿಸಿದಳು. ಉತ್ತರಗಳನ್ನು ಬಾಯಲ್ಲಿ ಹೇಳಿ ಲಿಪಿಕಾರರಿಂದ ಬರೆಸಿದಳು. ಮುಂದೆ ಅವರು ಸಮಾಜಕಾರ್ಯದಲ್ಲಿ ಡಾಕ್ಟರೇಟ್ ಪಡೆದರು. 2018ರಲ್ಲಿ ನಾರೀಶಕ್ತಿ ಪುರಸ್ಕಾರಕ್ಕೆ ಪಾತ್ರರಾದರು. ಬರೆಯುವ ಕೈಯೊಂದನ್ನು ಮೂರು ಗಂಟೆಗಳ ಕಾಲ ಎರವಲು ಕೊಟ್ಟುದರಿಂದ ಒಂದು ಜೀವನದ ದಾರಿ ತೆರೆಯಿತು.

ಇನ್ನು ಬೆನ್ನುಹುರಿಯ ಆಘಾತದ ವಿಷಯ. ಬೆನ್ನುಹುರಿಗೆ ಎಲ್ಲಿ ಪೆಟ್ಟು ಬೀಳುವುದೋ ಅದರಿಂದ ಕೆಳಗಿನ ಭಾಗಕ್ಕೆ ಚಲನೆಯೂ ಸ್ಪರ್ಶಜ್ಞಾನವೂ ತಪ್ಪಬಹುದು. ಮಲಮೂತ್ರಗಳ ನಿಯಂತ್ರಣವೂ ತಪ್ಪುತ್ತದೆ. ಹಿಂದೆ ಇಂತಹ ರೋಗಿಗಳು ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕುಗಳಿಂದ ಬೇಗನೆ ತೀರಿಹೋಗುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ 1944ರಿಂದ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವ ಕ್ರಮವನ್ನು ನಿಷ್ಠೆಯಿಂದ ನಡೆಸಿ, ಅವರಿಗೆ ಕೆಲಸವನ್ನೂ ಆಟವನ್ನೂ ಕಲಿಸಿದರು. 1948ರಲ್ಲಿ ಅಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ 16 ಮಂದಿಯ ಬಿಲ್ವಿದ್ಯೆಯ ಸ್ಪರ್ಧೆಯು ನಡೆಯಿತು. ಇಂದಿನ ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟವು ಆ ಬೀಜದಿಂದಲೇ ಬೆಳೆದ ವೃಕ್ಷ. ನಮ್ಮ ನಾಡಿನಲ್ಲಿಯೂ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಎಂಬ ಸಂಸ್ಥೆಯು ಅಂಗವಿಕಲರ ಶಿಕ್ಷಣಕ್ಕೂ ವೃತ್ತಿತರಬೇತಿಗೂ ದುಡಿಯುತ್ತ ಬಂದಿದೆ.

ಇಷ್ಟನ್ನು ತಿಳಿದ ಮೇಲೆ ಶಾಲೆಯು ಮಾಡಬೇಕಾದುದೇನು? ಪ್ರಥಮತಃ, ಹಾಜರಿ ಪುಸ್ತಕದಿಂದ ಆ ವಿದ್ಯಾರ್ಥಿಯ ಹೆಸರನ್ನು ಹೊಡೆದುಹಾಕದಿರುವುದು. ಆಸ್ಪತ್ರೆಯಲ್ಲಿ ಮಲಗಿರುವ ಮಗುವಿಗೆ 'ನನ್ನ ಸ್ಥಳವು ತರಗತಿಯಲ್ಲಿ ಇನ್ನೂ ಇದೆ' ಎಂಬ ಅರಿವಿಗಿಂತ ದೊಡ್ಡ ಧೈರ್ಯವು ಬೇರೊಂದಿಲ್ಲ. ಸಹಪಾಠಿಗಳು ವಾರಕ್ಕೊಮ್ಮೆ ಪಾಠದ ಟಿಪ್ಪಣಿಗಳನ್ನು ಮುಟ್ಟಿಸಿದರೆ ಸ್ನೇಹವೂ ಓದೂ ಎರಡೂ ಉಳಿಯುತ್ತವೆ.

ಎರಡನೆಯದು ಕಟ್ಟಡದ ಮಾತು. ಗಾಲಿಕುರ್ಚಿಯು ಮೆಟ್ಟಿಲನ್ನು ಹತ್ತಲಾರದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಕುರ್ಚಿಯನ್ನು ತಳ್ಳಿಕೊಂಡು ಏರುವುದು ಕಷ್ಟ. ಶೌಚಾಲಯದ ಬಾಗಿಲು ಅಗಲವಾಗಿದ್ದು ಒಳಗೆ ಹಿಡಿಕಂಬಿಗಳಿರಬೇಕು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಯೋಗ್ಯವಾದ ಶೌಚಾಲಯವಿಲ್ಲದೆಡೆ ಇಂತಹ ಮಕ್ಕಳು ದಿನವಿಡೀ ನೀರು ಕುಡಿಯದೆ ಕುಳಿತಿರುತ್ತಾರೆ. ಅದರಿಂದ ಮೂತ್ರದ ಸೋಂಕು, ಸೋಂಕಿನಿಂದ ಗೈರುಹಾಜರಿ, ಗೈರುಹಾಜರಿಯಿಂದ ಶಾಲೆ ಬಿಡುವುದು, ಹೀಗೆ ಒಂದರ ಹಿಂದೆ ಒಂದು ಬರುತ್ತದೆ. ಮುಖಮಂಟಪಕ್ಕೆ ಶಿಲಾಫಲಕವನ್ನು ಕೊಡುವ ಔದಾರ್ಯವುಳ್ಳ ದಾನಿಗಳು ಈ ಎರಡು ಹಿಡಿಕಂಬಿಗಳನ್ನೂ ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿ. ಕೃತಕ ಕಾಲಿನ ವಿಷಯವೂ ಹೀಗೆಯೇ. ಬೆಳೆಯುವ ಮಗುವಿಗೆ ಒಮ್ಮೆ ಕೊಟ್ಟ ಕಾಲು ಶಾಶ್ವತವಲ್ಲ. ಎಲುಬು ಬೆಳೆದಂತೆ ಅಳತೆಯನ್ನು ನೋಡಿ ಬದಲಾಯಿಸುತ್ತಿರಬೇಕು. ಒಮ್ಮೆ ಕೊಟ್ಟು ಮರೆಯುವ ದಾನಕ್ಕಿಂತ ವರ್ಷವರ್ಷವೂ ನೆನೆದು ಕೊಡುವ ದಾನವು ಇಲ್ಲಿ ಹೆಚ್ಚು ಫಲಕಾರಿ.

ಮೂರನೆಯದು ಹಕ್ಕಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಂತೆ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವು ಪ್ರಮಾಣೀಕೃತವಾಗಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ತಾವು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣವನ್ನು ಪಡೆಯುವ ಹಕ್ಕಿದೆ. ಸರಕಾರದ ಅನುದಾನವನ್ನೋ ಮಾನ್ಯತೆಯನ್ನೋ ಪಡೆದ ಶಾಲೆಗಳು ಅವರನ್ನು ಭೇದವೆಣಿಸದೆ ಸೇರಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನೂ ಹೆಚ್ಚಿನ ಕಾಲಾವಕಾಶವನ್ನೂ ಒದಗಿಸುವುದಕ್ಕೆ ಅವಕಾಶವಿದೆ. ಕೇಂದ್ರ ಸರಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಾಗದ ಹೆಚ್ಚುವರಿ ವೇಳೆಯನ್ನು ಹೇಳಿದೆ. ಇದನ್ನು ಪಾಲಕರು ಅರಿತಿರುವುದು ಅಪರೂಪ. ಮುಖ್ಯೋಪಾಧ್ಯಾಯರು ತಾವಾಗಿಯೇ ತಿಳಿಸಿ, ಪ್ರಮಾಣಪತ್ರವನ್ನು ಪಡೆಯುವುದಕ್ಕೆ ನೆರವಾಗಬೇಕು.

ಕೊನೆಯದು ಅತ್ಯಂತ ಸೂಕ್ಷ್ಮವಾದುದು. ಅದಕ್ಕೆ ಹಣದ ಅಪೇಕ್ಷೆಯಿಲ್ಲ. ಕನಿಕರದಿಂದ ಮನೆಪಾಠದ ಲೆಕ್ಕವನ್ನು ಬಿಟ್ಟುಕೊಡುವುದು, ತಪ್ಪು ಬರೆದರೂ ಅಂಕ ಕೊಡುವುದು, ಪ್ರಶ್ನೆಯನ್ನೇ ಕೇಳದಿರುವುದು, ಇವು ದಯೆಯ ವೇಷದಲ್ಲಿ ಬರುವ ತಿರಸ್ಕಾರಗಳು. ಬರೆಯುವ ವಿಧಾನವನ್ನು ಬದಲಾಯಿಸೋಣ, ಕಾಲವನ್ನು ಹೆಚ್ಚಿಸೋಣ, ಕುಳಿತುಕೊಳ್ಳುವ ಸ್ಥಳವನ್ನು ಸರಿಪಡಿಸೋಣ. ಆದರೆ ವಿದ್ಯೆಯ ಮಟ್ಟವನ್ನು ಇಳಿಸದಿರೋಣ. ತಪ್ಪಿದಾಗ ತಿದ್ದಿಸಿಕೊಳ್ಳುವುದೂ ವಿದ್ಯಾರ್ಥಿಯ ಹಕ್ಕೇ. ಹಾಗೆಯೇ ಎಲ್ಲರೂ ಸುಧಾ ಚಂದ್ರನ್ನರಂತೆ ರಂಗವನ್ನೇರಬೇಕೆಂದು ನಿರೀಕ್ಷಿಸುವುದೂ ಅನ್ಯಾಯ. ಕೋಪ ಬಂದ ದಿನ ಕೋಪಿಸಿಕೊಳ್ಳುವ, ಅಳು ಬಂದ ದಿನ ಅಳುವ ಸ್ವಾತಂತ್ರ್ಯವು ಆ ಮಗುವಿಗಿರಬೇಕು. ಸಾಧಾರಣ ಅಂಕಗಳಿಂದ ಉತ್ತೀರ್ಣನಾಗಿ, ಒಂದು ಉದ್ಯೋಗವನ್ನು ಹಿಡಿದು, ಸ್ವತಂತ್ರವಾಗಿ ಬದುಕುವುದೂ ಪೂರ್ಣಜೀವನವೇ.

ಹೋದ ಅಂಗವನ್ನು ಮರಳಿ ಕೊಡುವ ಶಕ್ತಿಯು ನಮ್ಮಲ್ಲಿ ಯಾರಿಗೂ ಇಲ್ಲ. ವಿದ್ಯಾರ್ಥಿ ಎಂಬ ಪದವಿಯನ್ನು ಉಳಿಸಿಕೊಡುವ ಶಕ್ತಿಯು ಪ್ರತಿಯೊಂದು ಶಾಲೆಗೂ ಇದೆ. ಅಪಘಾತವು ಆ ಮಗುವಿನಿಂದ ಕಸಿದ ಕಲೆಯು ಒಂದೇ. ಉಳಿದ ಕಲೆಗಳನ್ನು ನಾವು ಕಸಿಯದಿರೋಣ.